ಹರಕೆಯ ಮೇಣದಬತ್ತಿಯಿಂದ ಆಪ್ತಸಮಾಲೋಚನೆಯವರೆಗೆ

ಸಿ.ವಿ. ರಾಮನ್ ನಗರದಲ್ಲಿ ಒಂದು ಮಗ್ಗುಲಿಗೆ ಡಿಆರ್‌ಡಿಒ ಪ್ರಯೋಗಾಲಯಗಳು, ಇನ್ನೊಂದು ಮಗ್ಗುಲಿಗೆ ಬಾಗ್‌ಮನೆ ಟೆಕ್ ಪಾರ್ಕ್, ಸುತ್ತಲೂ ಕಗ್ಗದಾಸಪುರ, ನಾಗವಾರಪಾಳ್ಯಗಳ ಇಕ್ಕಟ್ಟಿನ ಬಾಡಿಗೆ ಮನೆಗಳು. ಎಚ್‌ಎಎಲ್, ಐಟಿಐ, ಎನ್‌ಜಿಇಎಫ್ ಕಾರ್ಖಾನೆಗಳ ಪಾಳಿಗೆ ಓಡಿದವರ ಮಕ್ಕಳು ಈಗ ರಾತ್ರಿ ಕ್ಯಾಬ್ ಹತ್ತುತ್ತಾರೆ. ಅಪ್ಪನಿಗೆ ಕಾರ್ಖಾನೆ ಬಾಗಿಲು ಹಾಕುವ ಭಯ, ಮಗನಿಗೆ ಇಎಂಐ ಮತ್ತು ಲೇಆಫ್‌ನ ಭಯ. ಇಂಥ ಹೊರೆ ಇಳಿಸಲು ಬೆಂಗಳೂರಿನ ಪೂರ್ವಭಾಗದ ಕ್ರೈಸ್ತರು ಎಲ್ಲಿಗೆ ಹೋದರು, ಅಲ್ಲಿ ಅವರಿಗೆ ಸಿಕ್ಕಿದ್ದೇನು ಎಂಬುದಕ್ಕೆ ಇನ್ನೂರು ವರ್ಷಗಳ ಚರಿತ್ರೆಯಿದೆ. ಅದರಲ್ಲಿ ಸಾಂತ್ವನ ಹೇಳುವ ಬಾಯಿಗೆ ಬರ ಬಂದದ್ದೇ ಇಲ್ಲ; ಕೇಳುವ ಕಿವಿ ಸಿದ್ಧವಾದದ್ದು ಮಾತ್ರ ಬಹಳ ತಡವಾಗಿ.

ಮೊದಲ ಘಟ್ಟ ಹರಕೆಯದು. ಅದರ ಕೇಂದ್ರ ಶಿವಾಜಿನಗರದ ಸಂತ ಮೇರಿ ಬೆಸಿಲಿಕಾ. ಈಗಿನ ಗೋಥಿಕ್ ಕಟ್ಟಡ ಮುಗಿದದ್ದು 1882ರಲ್ಲಿ, ಬೆಸಿಲಿಕಾ ಪದವಿ ಬಂದದ್ದು 1974ರಲ್ಲಿ. 1898ರ ಪ್ಲೇಗಿನಲ್ಲಿ ದಂಡುಪ್ರದೇಶ ತತ್ತರಿಸಿದಾಗ ವೈದ್ಯರ ಕೈಯಲ್ಲೂ ಹೆಚ್ಚೇನಿರಲಿಲ್ಲ; ಜನ ಹರಕೆಯನ್ನೇ ನಂಬಿದರು. ಇಂದಿಗೂ ಆಗಸ್ಟ್ 29ಕ್ಕೆ ಧ್ವಜವೇರಿದ ಮೇಲೆ ಸೆಪ್ಟೆಂಬರ್ 8ರ ಹಬ್ಬದವರೆಗೆ ಕಾವಿ ಬಣ್ಣದ ಬಟ್ಟೆ ತೊಟ್ಟವರು ಬರುತ್ತಲೇ ಇರುತ್ತಾರೆ. ಸೀರೆ ಉಟ್ಟ ಮಾತೆಯ ಮುಂದೆ ಮೇಣದಬತ್ತಿ ಹಚ್ಚುವವರಲ್ಲಿ ಹಿಂದೂಗಳೂ ಮುಸ್ಲಿಮರೂ ಇದ್ದಾರೆ. ಹರಕೆ ಚಿಂತೆಗೊಂದು ಗಡುವು ಕೊಡುತ್ತದೆ. ಏನೂ ಮಾಡಲಾಗದವನ ಕೈಗೆ ಮಾಡಲು ಒಂದು ಕೆಲಸ ಕೊಡುತ್ತದೆ. ಅದರ ಬಲ ಅಷ್ಟು. ಆದರೆ ಹರಕೆ ಹೊತ್ತವಳ ಕಥೆಯನ್ನು ಅಲ್ಲಿ ಯಾರೂ ಕೂತು ಕೇಳುವುದಿಲ್ಲ.

ಎರಡನೆಯ ಘಟ್ಟದಲ್ಲಿ ಆ ಕಥೆ ಕಾಗದಕ್ಕಿಳಿಯಿತು. ಎರಡನೆಯ ವ್ಯಾಟಿಕನ್ ಮಹಾಸಭೆಯ (1962–65) ನಂತರ ಲ್ಯಾಟಿನ್ ಸರಿದು, ಬಲಿಪೂಜೆ ಕನ್ನಡ, ತಮಿಳುಗಳಲ್ಲಿ ನಡೆಯತೊಡಗಿತ್ತು. ಬೇಡಿಕೆಯೂ ಮನೆಮಾತಿಗೆ ಬಂತು. ವಿವೇಕನಗರದಲ್ಲಿ 1970ರ ದಶಕದಿಂದ ಬೆಳೆದ ಬಾಲ ಯೇಸುವಿನ ಗುರುವಾರದ ನೊವೆನಾ ಪ್ರಾರ್ಥನೆಯಲ್ಲಿ ಕೋರಿಕೆಯ ಚೀಟಿಗಳಿಗೆ ದೊಡ್ಡ ಸ್ಥಾನ. ಗಂಡನ ಕುಡಿತ ಬಿಡಲಿ, ಮಗಳಿಗೆ ವೀಸಾ ಸಿಗಲಿ, ಕೋರ್ಟು ಕೇಸು ಮುಗಿಯಲಿ – ಇಂಥ ಕೋರಿಕೆಗಳನ್ನೂ ಕೃತಜ್ಞತೆಯ ಪತ್ರಗಳನ್ನೂ ನೊವೆನಾಗಳಲ್ಲಿ ಹೆಸರಿಲ್ಲದೆ ಓದಿ ಹೇಳುವ ರೂಢಿಯಿದೆ. ತನ್ನ ಗೋಳು ತನ್ನೊಬ್ಬಳದೇ ಅಲ್ಲ ಎಂದು ಗೊತ್ತಾಗುವುದೇ ಅರ್ಧ ಸಮಾಧಾನ. ಪೆಂತೆಕೋಸ್ತ್ ಸಭೆಗಳಲ್ಲಿ ಇದೇ ಕೆಲಸ ಮಾಡುವುದು ‘ಸಾಕ್ಷಿ ಹೇಳುವುದು’ ಮತ್ತು ಉಪವಾಸ ಪ್ರಾರ್ಥನೆ. ಆದರೆ ಅಲ್ಲಿ ಗೆದ್ದವರ ಸಾಕ್ಷಿಗೆ ಮೈಕು ಸುಲಭವಾಗಿ ಸಿಗುತ್ತದೆ, ಇನ್ನೂ ಸೋಲುತ್ತಿರುವವರಿಗೆ ಸಿಗುವುದು ಕಡಿಮೆ.

ಕೇಳುವುದನ್ನೇ ವಿದ್ಯೆಯಾಗಿ ಕಲಿಯಬೇಕೆಂಬ ವಿಚಾರ ಹೊರಗಿನಿಂದ ಬಂತು. ಸ್ವತಃ ಮಾನಸಿಕ ಆಸ್ಪತ್ರೆಯಲ್ಲಿದ್ದು ಬಂದ ಅಮೆರಿಕದ ಪಾದ್ರಿ ಆಂಟನ್ ಬಾಯ್ಸನ್, 1925ರಲ್ಲಿ ದೇವಶಾಸ್ತ್ರದ ವಿದ್ಯಾರ್ಥಿಗಳನ್ನು ರೋಗಿಗಳ ಬಳಿಗೆ ಕರೆದೊಯ್ದರು. ಆತ್ಮಹತ್ಯೆಯ ಅಂಚಿನಲ್ಲಿರುವವರಿಗಾಗಿ 1953ರಲ್ಲಿ ಲಂಡನ್ನಿನ ಪಾದ್ರಿ ಚಾಡ್ ವಾರಾ ದೂರವಾಣಿ ಸೇವೆ ತೆರೆದರು. ಬೆಂಗಳೂರಿನಲ್ಲಿ ಈ ದಾರಿ ಹಿಡಿದ ಸಂಸ್ಥೆಗಳಲ್ಲಿ ಮುಖ್ಯವಾದುದು 1964ರಲ್ಲಿ ಹುಟ್ಟಿದ ಮೆಡಿಕೋ-ಪಾಸ್ಟೋರಲ್ ಅಸೋಸಿಯೇಷನ್. ವೈದ್ಯವೂ ಪಾದ್ರಿ ಸೇವೆಯೂ ಜೊತೆಯಾಗಬೇಕೆಂಬುದು ಅದರ ಹೆಸರಿನಲ್ಲೇ ಇದೆ. ಪಾಟರಿ ರಸ್ತೆಯ ಈ ಸಂಸ್ಥೆ, ಆಸ್ಪತ್ರೆ ಬಿಟ್ಟರೂ ಮನೆ ಸೇರಲು ಇನ್ನೂ ಸಿದ್ಧರಾಗದ ಮನೋರೋಗಿಗಳಿಗೆ ನಡುದಾರಿಯ ಆಸರೆಯಾಯಿತು. 2002ರಲ್ಲಿ ನಿಮ್ಹಾನ್ಸ್ ಮತ್ತು ರೋಟರಿ ಬೆಂಗಳೂರು ಈಸ್ಟ್ ಜೊತೆಗೂಡಿ ಅದು ಆರಂಭಿಸಿದ ‘ಸಹಾಯ್’ ಸಹಾಯವಾಣಿಯಲ್ಲಿ ತರಬೇತಿ ಪಡೆದ ಸ್ವಯಂಸೇವಕರು ಕೇಳುತ್ತಾರೆ. ಕರೆ ಮಾಡಿದವರ ಜಾತಿ, ಧರ್ಮ ಅಲ್ಲಿ ಲೆಕ್ಕಕ್ಕಿಲ್ಲ. ಹಳೆ ಮದ್ರಾಸ್ ರಸ್ತೆಯಲ್ಲಿ ಮಾಂಟ್‌ಫೋರ್ಟ್ ಬ್ರದರುಗಳ ಕಾಲೇಜು ಆಪ್ತಸಮಾಲೋಚನೆಯನ್ನು ಸ್ನಾತಕೋತ್ತರ ವಿಷಯವಾಗಿ ಕಲಿಸತೊಡಗಿದ ಮೇಲಂತೂ ಈ ಕೆಲಸ ಪಾದ್ರಿಗಳ ಸ್ವಂತ ಆಸ್ತಿಯಾಗಿ ಉಳಿಯಲಿಲ್ಲ.

ನಂಬಿಕೆಯಿಂದ ಒತ್ತಡ ಇಳಿಯುತ್ತದೆಯೇ? ಅಮೆರಿಕದ ಮನಶ್ಶಾಸ್ತ್ರಜ್ಞ ಕೆನೆತ್ ಪಾರ್ಗಮೆಂಟ್ ಮತ್ತು ಸಂಗಡಿಗರು 1988ರಲ್ಲಿ ಮೂರು ಬಗೆಯವರನ್ನು ಗುರುತಿಸಿದರು: ಎಲ್ಲವನ್ನೂ ತಾನೇ ಹೊರುವವನು, ಎಲ್ಲವನ್ನೂ ದೇವರಿಗೆ ಬಿಟ್ಟು ಕೂರುವವನು, ದೇವರ ಜೊತೆಗೂಡಿ ದಾರಿ ಹುಡುಕುವವನು. ಮೂರನೆಯ ಬಗೆ ಸಾಮಾನ್ಯವಾಗಿ ಮನಸ್ಸಿಗೆ ಹಿತ. ‘ಇದು ದೇವರು ಕೊಟ್ಟ ಶಿಕ್ಷೆ’, ‘ದೇವರು ನನ್ನ ಕೈಬಿಟ್ಟ’ ಎಂಬ ಭಾವನೆಯಿದ್ದಲ್ಲಿ ಖಿನ್ನತೆ ಹೆಚ್ಚು ಕಂಡುಬಂತು. ಇತ್ತ ನಿಮ್ಹಾನ್ಸ್‌ನ ಆರ್. ರಘುರಾಮ್ ಮತ್ತು ಸಂಗಡಿಗರು ತಮಿಳುನಾಡಿನ ಒಂದು ದೇಗುಲದಲ್ಲಿ ತಂಗಿದ್ದ 31 ಮನೋರೋಗಿಗಳನ್ನು ಅಭ್ಯಸಿಸಿ 2002ರಲ್ಲಿ ವರದಿ ಮಾಡಿದರು: ರೋಗಲಕ್ಷಣಗಳು ಹೆಚ್ಚುಕಡಿಮೆ ಐದರಲ್ಲೊಂದು ಪಾಲು ತಗ್ಗಿದ್ದವು. ಬೆದರಿಸದ, ಆದರಿಸುವ ಜಾಗದಲ್ಲಿ ಇದ್ದದ್ದೇ ಅದಕ್ಕೆ ಕಾರಣವಿರಬಹುದೆಂದು ಅವರ ಅನಿಸಿಕೆ. ಚರ್ಚುಗಳಿಗೂ ಇದರಲ್ಲಿ ಪಾಠವಿದೆ.

ಹಾಗಾಗಿ ಈಗ ಕೇಳಬೇಕಾದ್ದು ಪ್ರಾರ್ಥನೆ ಬೇಕೋ ಮಾತ್ರೆ ಬೇಕೋ ಎಂಬುದನ್ನಲ್ಲ. ಮಾತ್ರೆ ನುಂಗಿದರೆ ವಿಶ್ವಾಸ ಕಡಿಮೆ ಎಂದು ಹಂಗಿಸುವ ಸಭೆ ರೋಗಕ್ಕೆ ಅಪರಾಧಭಾವವನ್ನೂ ಸೇರಿಸಿ ಕಳಿಸುತ್ತದೆ. 2017ರ ಮಾನಸಿಕ ಆರೋಗ್ಯ ಕಾಯ್ದೆ, ಆತ್ಮಹತ್ಯೆಗೆ ಯತ್ನಿಸಿದವರು ತೀವ್ರ ಒತ್ತಡದಲ್ಲಿದ್ದರೆಂದೇ ಭಾವಿಸಿ ಶಿಕ್ಷೆಯಿಂದ ಬಿಡಿಸಿತು. ಪ್ರವಚನಪೀಠಗಳ ಭಾಷೆಯೂ ಅಷ್ಟು ಮೆದುವಾಗಬೇಕು. ಆಪ್ತಸಮಾಲೋಚನೆ ಇಂಗ್ಲಿಷಿನಲ್ಲಿ ಸುಲಭವಾಗಿ ಸಿಗುವ ಊರಿದು. ಕಗ್ಗದಾಸಪುರದ ಮನೆಗೆಲಸದಾಕೆಗೂ ಸೆಕ್ಯುರಿಟಿ ಗಾರ್ಡಿಗೂ ಕನ್ನಡದಲ್ಲೋ ತಮಿಳಿನಲ್ಲೋ ಅದು ಸಿಗಬೇಕು. 2022ರಿಂದ ಟೆಲಿ-ಮಾನಸ್ ಸಹಾಯವಾಣಿ 14416 ಉಚಿತವಾಗಿ, ನಮ್ಮ ಭಾಷೆಗಳಲ್ಲೇ ಮಾತನಾಡುತ್ತದೆ. ಭಾನುವಾರದ ಪೂಜೆಯ ಕೊನೆಗೆ ಮದುವೆ ಪ್ರಕಟಣೆ ಓದುವವರು ಈ ಸಂಖ್ಯೆಯನ್ನೂ ಓದಿದರೆ ಹಿಡಿಯುವುದು ಅರ್ಧ ನಿಮಿಷ. ವೈದ್ಯರ ಬಳಿ ಹೋಗುವುದು ವಿಶ್ವಾಸಕ್ಕೆ ವಿರುದ್ಧವಲ್ಲ ಎಂಬ ಮಾತೂ ಅದರ ಜೊತೆಗೇ ಮನೆಮನೆಗೆ ಮುಟ್ಟುತ್ತದೆ.