ಘಾಟಿ ಹತ್ತುತ್ತಾ, ಎಷ್ಟು ಕೊಡುತ್ತೆ?

ಅಂಬಾಸಡರ್ ಕಾರಿನ ಮೇಲೆ ಹಳೆಯ ಜೋಕೊಂದಿದೆ: ಹಾರ್ನ್ ಒಂದನ್ನು ಬಿಟ್ಟು ಅದರಲ್ಲಿ ಮಿಕ್ಕೆಲ್ಲವೂ ಸದ್ದು ಮಾಡುತ್ತವಂತೆ. ಈಗ ಮದುವೆ ಮೆರವಣಿಗೆಗೋ ಸಿನಿಮಾ ಚಿತ್ರೀಕರಣಕ್ಕೋ ಬಾಡಿಗೆಗೆ ತರಿಸುವ ಆ ಬಿಳಿ ಕಾರನ್ನು ಕಂಡು ಹಳೆಯ ಕಾಲವೇ ಚೆಂದವಿತ್ತು ಎನ್ನುವವರಲ್ಲಿ ಅದನ್ನು ಮನೆಯಲ್ಲಿಟ್ಟುಕೊಂಡು ಸಾಕಿದವರು ಕಡಿಮೆ. ಸಾಕಿದವರ ಬಾಯಿಂದ ಮೊದಲು ಬರುವುದು ದೂರು, ಮೆಚ್ಚುಗೆ ಆಮೇಲೆ. ಭಾರತದ ಕುಟುಂಬದ ಕಾರಿನ ಚರಿತ್ರೆಯನ್ನು ಕಾರ್ಖಾನೆಗಳ ಕಡೆಯಿಂದ ಬರೆದವರು ಬಹಳ. ಅದನ್ನು ದೂರುಗಳ ಕಡೆಯಿಂದಲೂ ಓದಬಹುದು. ಹಾಗೆ ಓದಿದಾಗ ಒಂದು ಸಂಗತಿ ಮತ್ತೆ ಮತ್ತೆ ಎದುರಾಗುತ್ತದೆ: ಕಾರಿನ ದಮ್ಮು ಎಷ್ಟಿರಬೇಕೆಂಬುದು ಇಂಜಿನಿಯರನ ಮೇಜಿನ ಮೇಲೆ ತೀರ್ಮಾನವಾದದ್ದಕ್ಕಿಂತ ದೆಹಲಿಯ ಕಡತಗಳಲ್ಲಿ ತೀರ್ಮಾನವಾದದ್ದೇ ಹೆಚ್ಚು.

ಪೂರ್ತಿ ತಯಾರಾದ ಕಾರುಗಳ ಆಮದಿಗೆ ಸರ್ಕಾರ 1949ರಲ್ಲೇ ಬಾಗಿಲು ಹಾಕಿತ್ತು. 1953ರಲ್ಲಿ ಸುಂಕ ಆಯೋಗದ ಶಿಫಾರಸು ಬಂತು: ಬಿಡಿಭಾಗಗಳನ್ನೂ ಇಲ್ಲಿಯೇ ಹಂತಹಂತವಾಗಿ ತಯಾರಿಸುವ ಯೋಜನೆ ಇದ್ದವರಿಗೆ ಮಾತ್ರ ಅವಕಾಶ. ಬರೀ ಜೋಡಣೆ ನಡೆಸುತ್ತಿದ್ದ ಜನರಲ್ ಮೋಟಾರ್ಸ್ ಮತ್ತು ಫೋರ್ಡ್ ಗಂಟುಮೂಟೆ ಕಟ್ಟಿದವು. ಕಣದಲ್ಲಿ ಮುಖ್ಯವಾಗಿ ಉಳಿದವು ಮೂರು ಕಂಪನಿಗಳು. ಬಂಗಾಳದ ಉತ್ತರಪಾರಾದಲ್ಲಿ ಬಿರ್ಲಾ ಮನೆತನದ ಹಿಂದುಸ್ತಾನ್ ಮೋಟಾರ್ಸ್, ಬಾಂಬೆಯ ಕುರ್ಲಾದಲ್ಲಿ ವಾಲ್‌ಚಂದ್ ಹೀರಾಚಂದರ ಪ್ರೀಮಿಯರ್, ಮದ್ರಾಸಿನಲ್ಲಿ ಸ್ಟ್ಯಾಂಡರ್ಡ್. ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್ ಇಲ್ಲಿ ಅಂಬಾಸಡರ್ ಆಯಿತು. ಇಟಲಿಯ ಫಿಯಟ್ 1100 ಮೊದಲು ಅದೇ ಹೆಸರಿನಲ್ಲಿ ಓಡಿ, 1970ರ ದಶಕದಲ್ಲಿ ಪ್ರೀಮಿಯರ್ ಪ್ರೆಸಿಡೆಂಟ್, ಆಮೇಲೆ ಪ್ರೀಮಿಯರ್ ಪದ್ಮಿನಿ ಎನಿಸಿಕೊಂಡಿತು. ಜನ ಮಾತ್ರ ಕೊನೆಯವರೆಗೂ ಫಿಯಟ್ ಎಂದೇ ಕರೆದರು. ಸ್ಟ್ಯಾಂಡರ್ಡ್ ಹೆರಾಲ್ಡ್ 1961ರಲ್ಲಿ ಬಂತು. ಕನ್ನಡ ನಾಡಿನ ಡಾಕ್ಟರು, ವಕೀಲರು, ಕಾಫಿ ತೋಟದವರು ಎರಡು ಮೂರು ದಶಕ ಈ ಮೂರರಲ್ಲೇ ಒಂದನ್ನು ಆರಿಸಬೇಕಿತ್ತು.

ಈ ಕಾರುಗಳಿಂದ ಯಾರೂ ವೇಗ ಬಯಸಲಿಲ್ಲ. ಕೇಳುತ್ತಿದ್ದದ್ದು ಎರಡೇ: ಬೆಳಿಗ್ಗೆ ಸ್ಟಾರ್ಟ್ ಆಗುತ್ತಾ, ಘಾಟಿ ಹತ್ತುತ್ತಾ?

ಎರಡನೆಯ ಪ್ರಶ್ನೆ ಕರ್ನಾಟಕದಲ್ಲಿ ಸುಮ್ಮನೆ ಹುಟ್ಟಿದ್ದಲ್ಲ. ಮಂಗಳೂರು, ಉಡುಪಿ ಕಡೆಯಿಂದ ಬಯಲುಸೀಮೆಗೆ ಬರಬೇಕಾದರೆ ಶಿರಾಡಿಯನ್ನೋ ಚಾರ್ಮಾಡಿಯನ್ನೋ ಹದಿನಾಲ್ಕು ತಿರುವುಗಳ ಆಗುಂಬೆಯನ್ನೋ ಏರಲೇಬೇಕು. ಅಂಬಾಸಡರಿನ ತೂಕ ಸುಮಾರು 1,100 ಕಿಲೊ. 1,489 ಸಿಸಿಯ ಅದರ ಇಂಜಿನ್ನಿನ ಬಲ 50 ಅಶ್ವಶಕ್ತಿಯ ಆಸುಪಾಸು. ಹಿಂದಿನ ಸೀಟಿನಲ್ಲಿ ನಾಲ್ವರು, ಮುಂದೆ ಮೂವರು, ಡಿಕ್ಕಿ ತುಂಬ ಟ್ರಂಕು ಹಾಸಿಗೆ ಎಂದಾದರೆ ಎರಡನೇ ಗೇರಿನಲ್ಲಿ ನರಳುತ್ತ ಹೊರಟದ್ದು ತಿರುವಿನಲ್ಲಿ ಮೊದಲನೆಯದಕ್ಕೆ ಇಳಿಯುತ್ತಿತ್ತು. ಆ ಇಂಜಿನ್ನು ಹುಟ್ಟಾ ದುರ್ಬಲವೇನಲ್ಲ. ಬಿಎಂಸಿ ಕಂಪನಿಯ ಬಿ-ಸರಣಿಯ ಅದೇ ಇಂಜಿನ್ನನ್ನು ಇಂಗ್ಲೆಂಡಿನಲ್ಲಿ ಎಂಜಿ ಸ್ಪೋರ್ಟ್ಸ್ ಕಾರಿಗೂ ಕೂರಿಸಿದ್ದರು. ಇಲ್ಲಿ ಸಿಗುತ್ತಿದ್ದ ಪೆಟ್ರೋಲಿನ ಆಕ್ಟೇನ್ ಕಡಿಮೆ. ಹೆಚ್ಚು ಒತ್ತಡ ಕೊಟ್ಟರೆ ಅದು ಹೊತ್ತಿಗೆ ಮುಂಚೆ ಉರಿದು ಸಿಲಿಂಡರಿನೊಳಗೆ ನಾಕಿಂಗ್ ಶುರುವಾಗುತ್ತಿತ್ತು. ಹಾಗಾಗಿ ಒತ್ತಡದ ಪ್ರಮಾಣವನ್ನು 7.2ಕ್ಕೆ 1ರಷ್ಟಕ್ಕೆ ಇಳಿಸಿಟ್ಟಿದ್ದರು. ಒತ್ತಡ ಇಳಿದಲ್ಲಿ ಬಲವೂ ಇಳಿಯಿತು, ಪೆಟ್ರೋಲ್ ಖರ್ಚು ಏರಿತು.

ಘಾಟಿಯಲ್ಲಿ ಕಾರು ನಿಲ್ಲುತ್ತಿದ್ದದ್ದಕ್ಕೆ ಕಾರಣಗಳು ಎರಡು. ಒಂದು, ರೇಡಿಯೇಟರ್ ಕುದಿಯುವುದು. ಫ್ಯಾನು ಇಂಜಿನ್ನಿನ ಬೆಲ್ಟಿಗೇ ಕಟ್ಟಿದ್ದು. ಹಿಂದಿನಿಂದ ಗಾಳಿ ಬೀಸಿ ಕಾರು ತೆವಳುವಾಗ ಅದರ ಆಟ ಸಾಲದು. ಇನ್ನೊಂದು ಮೋಸದ್ದು. ಬಾನೆಟ್ಟಿನೊಳಗಿನ ಕಾವಿಗೆ ಪೈಪಿನಲ್ಲೇ ಪೆಟ್ರೋಲು ಆವಿಯಾಗುತ್ತಿತ್ತು. ದ್ರವವನ್ನು ತಳ್ಳಲೆಂದು ಮಾಡಿದ ಪಂಪು ಆವಿಯನ್ನು ತಳ್ಳಲಾರದೆ ಸೋಲುತ್ತಿತ್ತು, ಟ್ಯಾಂಕಿನಲ್ಲಿ ಪೆಟ್ರೋಲಿದ್ದೂ ಕಾರು ಉಪವಾಸ. ಮದ್ದು ಎಲ್ಲ ಡ್ರೈವರುಗಳಿಗೂ ಗೊತ್ತಿತ್ತು: ಚಕ್ರಕ್ಕೆ ಕಲ್ಲು ಕೊಟ್ಟು, ಬಾನೆಟ್ ಎತ್ತಿ, ಪಂಪಿನ ಮೇಲೆ ಒದ್ದೆ ಬಟ್ಟೆ ಹಾಕಿ, ತೊರೆಯಿಂದ ನೀರು ತಂದು ಕಾಯುವುದು. ಇಳಿಜಾರಿನ ಸಂಕಟ ಬೇರೆ. ನಾಲ್ಕೂ ಚಕ್ರಕ್ಕೆ ಡ್ರಮ್ ಬ್ರೇಕು. ಬಿಸಿಯೇರಿದರೆ ಲೈನರ್ ಹಿಡಿಯದು. ಹತ್ತಿದ ಗೇರಿನಲ್ಲೇ ಇಳಿಯಬೇಕೆಂಬ ಪಾಠವನ್ನು ಡ್ರೈವಿಂಗ್ ಶಾಲೆಗಿಂತ ಮೊದಲು ಕಲಿಸಿದ್ದು ಘಾಟಿಯೇ.

ಸ್ಟಾರ್ಟಿನ ಗೋಳು ಮನೆಯಂಗಳದ್ದು. ಮಡಿಕೇರಿಯ ಚಳಿಯಲ್ಲಿ ಚೋಕ್ ಎಳೆದು, ಸೆಲ್ಫ್ ಹೊಡೆದು ಹೊಡೆದು ಬ್ಯಾಟರಿ ಕೂತುಹೋದರೆ ಹ್ಯಾಂಡಲ್ ತಿರುಗಿಸಬೇಕು. ಅದೂ ಆಗದಿದ್ದರೆ ಬೀದಿಯ ಹುಡುಗರು ತಳ್ಳಬೇಕು. ಡಿಸ್ಟ್ರಿಬ್ಯೂಟರ್ ಒಳಗಿನ ಪಾಯಿಂಟ್‌ಗಳು ಸುಟ್ಟು ಕಪ್ಪಾದರೆ ಉಪ್ಪುಕಾಗದ ಇಲ್ಲದ ಕಡೆ ಬೆಂಕಿಪೊಟ್ಟಣದ ಮಗ್ಗುಲನ್ನೇ ಉಜ್ಜಿ ಕಿಡಿ ತರಿಸುತ್ತಿದ್ದರು. ಪ್ಲಗ್ಗು ಮಾತ್ರ ನಮ್ಮೂರಿನದೇ: ಬೆಂಗಳೂರಿನ ಆಡುಗೋಡಿಯ ಮೈಕೊ ಕಾರ್ಖಾನೆ 1950ರ ದಶಕದಿಂದ ಅದನ್ನು ತಯಾರಿಸುತ್ತಿತ್ತು. ಕೆಲವೇ ಸಾವಿರ ಕಿಲೋಮೀಟರಿಗೊಮ್ಮೆ ಟ್ಯಾಪೆಟ್, ಪಾಯಿಂಟ್, ಕಾರ್ಬ್ಯುರೇಟರ್ ಮೂರನ್ನೂ ಹೊಂದಿಸಬೇಕಿತ್ತು. ಕಾರು ಆಯಿಲ್ ಕುಡಿಯತೊಡಗಿದರೆ ರಿಂಗ್ ಬದಲು, ಅದಕ್ಕೂ ಬಗ್ಗದಿದ್ದರೆ ಬೋರಿಂಗು. ಬೆಂಗಳೂರಿನ ಜೆ.ಸಿ. ರಸ್ತೆಯ ಬಿಡಿಭಾಗದ ಅಂಗಡಿಗಳು ಈ ವ್ಯವಹಾರದ ಮೇಲೆಯೇ ಬೆಳೆದವು.

ಹಾಗಾದರೆ ಜನ ಇವನ್ನು ಸಹಿಸಿದ್ದೇಕೆ? ಸಿಕ್ಕಿದ್ದೇ ಪುಣ್ಯವಾಗಿತ್ತು ಎಂಬುದು ನೇರ ಉತ್ತರ. ಎಷ್ಟು ಕಾರು ತಯಾರಿಸಬೇಕೆಂಬುದಕ್ಕೂ ಲೈಸೆನ್ಸ್ ಬೇಕಾಗಿದ್ದ ಕಾಲ ಅದು. 1980ರ ಸುಮಾರಿಗೆ ಇಡೀ ದೇಶದಲ್ಲಿ ವರ್ಷಕ್ಕೆ ತಯಾರಾಗುತ್ತಿದ್ದದ್ದು 30,000ದ ಆಸುಪಾಸು ಕಾರು. ಹಣ ಕಟ್ಟಿ ವರ್ಷಗಟ್ಟಲೆ ಸರದಿಯಲ್ಲಿ ಕಾದವನಿಗೆ ಮನೆಗೆ ಬಂದ ಕಾರಿನ ಬಾಗಿಲು ಸರಿಯಾಗಿ ಮುಚ್ಚದಿದ್ದರೆ ಬಡಗಿಯ ಹತ್ತಿರವಾದರೂ ಸರಿಮಾಡಿಸಿಕೊಳ್ಳುವುದೇ ವಾಸಿ ಎನಿಸುತ್ತಿತ್ತು. ಕಡಿಮೆ ಬೆಲೆಯ ಪುಟ್ಟ ಕಾರು ಬೇಕೆಂದು ಎಲ್.ಕೆ. ಝಾ ಸಮಿತಿ 1960ರಲ್ಲೇ ಹೇಳಿತ್ತು. ಆ ಕಾರು ರಸ್ತೆಗಿಳಿಯಲು ಮತ್ತೆ ಇಪ್ಪತ್ಮೂರು ವರ್ಷ ಹಿಡಿಯಿತು.

ನಡುವೆ 1973ರ ತೈಲ ಬಿಕ್ಕಟ್ಟು ಬಂದು ಎರಡು ಪ್ರಶ್ನೆಗಳ ಪಕ್ಕಕ್ಕೆ ಮೂರನೆಯದೊಂದನ್ನು ತಂದು ನಿಲ್ಲಿಸಿತು: ಲೀಟರಿಗೆ ಎಷ್ಟು ಕೊಡುತ್ತೆ? ಅಂಬಾಸಡರ್ ಕೊಡುತ್ತಿದ್ದದ್ದು ಒಂಬತ್ತೋ ಹತ್ತೋ ಕಿಲೋಮೀಟರ್. ಟ್ಯಾಕ್ಸಿಯವರು ಇಂಜಿನ್ನನ್ನೇ ಕಿತ್ತು ಮೆಟಡಾರ್ ವ್ಯಾನಿನ ಡೀಸೆಲ್ ಇಂಜಿನ್ ಕೂರಿಸತೊಡಗಿದರು. ದಶಕದ ಕೊನೆಗೆ ಕಂಪನಿಯೇ ಡೀಸೆಲ್ ಅಂಬಾಸಡರ್ ತಂದಿತು. ಸುಮಾರು 37 ಅಶ್ವಶಕ್ತಿಯ ಆ ಕಾರು ಏರು ಕಂಡರೆ ಎತ್ತಿನ ಗಾಡಿಗೂ ದಾರಿ ಬಿಡಬೇಕಿತ್ತು, ಆದರೂ ಮಾರಾಟವಾಯಿತು. ಬಲವೋ ಮೈಲೇಜೋ ಎಂಬಲ್ಲಿ ಭಾರತದ ಕೊಳ್ಳುವವರು ಮೈಲೇಜಿನ ಕಡೆ ನಿಂತದ್ದು ಆಗಲೇ.

ಬೆಂಗಳೂರು ಇದಕ್ಕೆ ತನ್ನದೇ ಉತ್ತರ ಹುಡುಕಿತು ಎಂಬುದು ಇಂದು ಬಹಳ ಮಂದಿಗೆ ನೆನಪಿಲ್ಲ. ಇಲ್ಲಿನ ಸಿಪಾನಿ ಕಂಪನಿ 1970ರ ದಶಕದಲ್ಲಿ ‘ಬಾದಲ್’ ಎಂಬ ಮೂರು ಚಕ್ರದ ಫೈಬರ್ ಮೈಯ ಕಾರು ತಯಾರಿಸಿತು. ಇಂಜಿನ್ 200 ಸಿಸಿಗೂ ಕಡಿಮೆ, ಮೈಕಟ್ಟು ನೋಡಿದವರಿಗೆ ನಗು ತರಿಸುವಂಥದು. 1982ರಲ್ಲಿ ಬಂದ ‘ಡಾಲ್ಫಿನ್’ ನಗೆಪಾಟಲಿನದಾಗಿರಲಿಲ್ಲ. ಬ್ರಿಟನ್ನಿನ ರಿಲಯಂಟ್ ಕಿಟನ್ ಕಾರನ್ನು ಆಧರಿಸಿದ್ದ ಅದರ ಇಂಜಿನ್ 848 ಸಿಸಿಯ ಅಲ್ಯುಮಿನಿಯಂ ಇಂಜಿನ್. ಮೈ ಹಗುರವಾದ್ದರಿಂದ ಏರು ಎಳೆಯಲು ಹೆದರುತ್ತಿರಲಿಲ್ಲ. ರ‍್ಯಾಲಿಗಳಲ್ಲಿ ಓಡಿಸಿದವರೂ ಇದ್ದರು. ಆದರೆ ಬಾಗಿಲು ಎರಡೇ. ಹಿಂದಿನ ಸೀಟಿಗೆ ಅಜ್ಜಿಯನ್ನು ಹತ್ತಿಸಲು ಮುಂದಿನ ಸೀಟು ಮಡಚಬೇಕಾದ ಕಾರು ನಮ್ಮಲ್ಲಿ ಕುಟುಂಬದ ಕಾರಾಗುವುದು ಕಷ್ಟ. ಮರುವರ್ಷವೇ ಮಾರುತಿ ಬಂದು ಆ ಕಥೆಯನ್ನು ಮುಗಿಸಿತು. ಬಾಗಿಲುಗಳನ್ನು ಹೆಚ್ಚಿಸಿಕೊಂಡ ‘ಮೊಂಟಾನ’ ಬರುವ ಹೊತ್ತಿಗೆ ತಡವಾಗಿತ್ತು.

1983ರ ಡಿಸೆಂಬರ್ 14ರಂದು ಇಂದಿರಾ ಗಾಂಧಿ ಮೊದಲ ಮಾರುತಿ 800ರ ಕೀಲಿಕೈ ಹಸ್ತಾಂತರಿಸಿದರು. ಅಷ್ಟರಲ್ಲಾಗಲೇ ಲಕ್ಷಕ್ಕೂ ಹೆಚ್ಚು ಜನ ತಲಾ 10,000 ರೂಪಾಯಿ ಮುಂಗಡ ಕಟ್ಟಿದ್ದರು. ಅಂಬಾಸಡರಿನವರು ಅದನ್ನು ಬೆಂಕಿಪೊಟ್ಟಣ ಎಂದು ಆಡಿಕೊಂಡರು. ಮೂರು ಸಿಲಿಂಡರಿನ 796 ಸಿಸಿಯ ಆ ಇಂಜಿನ್ 40 ಅಶ್ವಶಕ್ತಿಯನ್ನೂ ಮುಟ್ಟುತ್ತಿರಲಿಲ್ಲ. ಆದರೆ ಕಾರಿನ ತೂಕ ಅಂಬಾಸಡರಿನ ಅರ್ಧಕ್ಕಿಂತ ಸ್ವಲ್ಪವೇ ಹೆಚ್ಚು. ಟನ್ನಿನ ಲೆಕ್ಕ ಹಾಕಿದರೆ ಬೆಂಕಿಪೊಟ್ಟಣದ ಪಾಲಿಗೆ ಬಂದ ಬಲವೇ ಹೆಚ್ಚು. ಸಿಗ್ನಲ್ ಬಿಟ್ಟ ಕೂಡಲೇ ಮುಂದೆ ಚಿಮ್ಮುತ್ತಿದ್ದದ್ದು ಆ ಪುಟ್ಟದೇ. ಪಿಕಪ್ ಎಂಬ ಮಾತು ಸ್ಕೂಟರಿನವರ ಬಾಯಿಂದ ಕಾರಿನವರ ಬಾಯಿಗೆ ಬಂದದ್ದು ಬಹುಶಃ ಈ ಕಾರಿನಿಂದ.

ಮಾರುತಿ ತಂದ ದೊಡ್ಡ ಬದಲಾವಣೆ ಬೇರೆಯೇ. ಅಲ್ಲಿಯವರೆಗೆ ಕಾರಿನ ಹಟಕ್ಕೆ ಮನುಷ್ಯ ಹೊಂದಿಕೊಳ್ಳುತ್ತಿದ್ದ. ಅದರ ಕೆಮ್ಮು, ನಡುಕ, ಮುನಿಸು ಅರಿತವನೇ ಒಳ್ಳೆಯ ಡ್ರೈವರು. ಕೀಲಿ ತಿರುಗಿಸಿದರೆ ಸಾಕು ಹೊರಡುವ ಕಾರು ಬಂದಮೇಲೆ ಆ ವಿದ್ಯೆಗೆ ಬೆಲೆ ಇಳಿಯಿತು. ಮನೆಯ ಹೆಂಗಸರು ಸ್ಟಿಯರಿಂಗ್ ಹಿಡಿದದ್ದೂ, ಸಂಬಳದ ಡ್ರೈವರಿಲ್ಲದೆ ಕುಟುಂಬಗಳು ಧರ್ಮಸ್ಥಳಕ್ಕೆ ಹೊರಟದ್ದೂ ಈ ಕಾರಿನ ಕಾಲಕ್ಕೆ ಹೆಚ್ಚಾಯಿತು. ಬೀದಿಬದಿಯ ಮೆಕ್ಯಾನಿಕ್ ಮೊದಮೊದಲು ಬಾನೆಟ್ ಎತ್ತಿ ದಂಗಾದ: ಅಡ್ಡಡ್ಡ ಮಲಗಿಸಿದ ಇಂಜಿನ್, ಮುಂದಿನ ಚಕ್ರಗಳಿಗೇ ಎಳೆತ, ಡೈನಮೊ ಇದ್ದ ಜಾಗದಲ್ಲಿ ಆಲ್ಟರ್ನೇಟರ್. ಬೇಗನೆ ಕಲಿತೂ ಬಿಟ್ಟ.

ನಂಬಿಕೆ ಬಂದ ಮೇಲೆ ಆಸೆ ಬೆಳೆಯಿತು. ಅದೇ 796 ಸಿಸಿಗೆ ಏಸಿಯ ಹೊರೆ ಬಿತ್ತು. ಕಂಪ್ರೆಸರು ತಿರುಗಲು ಬೇಕಾದ ಬಲವನ್ನು ಇಂಜಿನ್ನೇ ಕೊಡಬೇಕು. ಮೊದಲೇ ಕಡಿಮೆಯಿದ್ದದ್ದರಲ್ಲಿ ಪಾಲು. ಲಾರಿಯನ್ನು ಹಿಂದೆ ಹಾಕುವ ಮುಂಚೆ ಏಸಿ ಆರಿಸಿ, ದಾಟಿದ ಮೇಲೆ ಹಾಕುವ ಅಭ್ಯಾಸ ಒಂದು ಇಡೀ ತಲೆಮಾರಿನ ಕೈಗೆ ಅಂಟಿತು. 1999ರಲ್ಲಿ ಸುಪ್ರೀಂ ಕೋರ್ಟು ದೆಹಲಿ ಪ್ರದೇಶದ ಹೊಗೆಯ ನಿಯಮವನ್ನು ಬಿಗಿಮಾಡಿದ್ದೇ ಕಾರ್ಬ್ಯುರೇಟರಿಗೆ ಕೊನೆಗಾಲ ಬಂತು. ಇಂಜೆಕ್ಷನ್ ವ್ಯವಸ್ಥೆಯ ಜೊತೆಗೆ ಚೋಕ್ ಎಳೆಯುವ ಕೆಲಸವೂ ಹೋಯಿತು. ಹೊಗೆಯ ಚಿಂತೆಗಾಗಿ ಬಂದ ಆಜ್ಞೆ ಬೆಳಗಿನ ಸ್ಟಾರ್ಟಿನ ಹಳೆಯ ಪ್ರಶ್ನೆಯನ್ನು ಅಳಿಸಿಹಾಕಿತು. ಆ ಉಪಕಾರವನ್ನು ಯಾರೂ ಕೇಳಿರಲಿಲ್ಲ.

ಮುಂದಿನ ಕಡತ 2006ರ ಬಜೆಟ್ಟಿನದು. ನಾಲ್ಕು ಮೀಟರಿಗಿಂತ ಉದ್ದವಿಲ್ಲದ, ಪೆಟ್ರೋಲಾದರೆ 1,200 ಸಿಸಿ, ಡೀಸೆಲಾದರೆ 1,500 ಸಿಸಿ ಮೀರದ ಕಾರುಗಳ ಅಬಕಾರಿ ಸುಂಕ ಶೇ 24ರಿಂದ 16ಕ್ಕೆ ಇಳಿಯಿತು. ಕಂಪನಿಗಳು ಅಳತೆಗೋಲು ಹಿಡಿದು ನಿಂತವು. ಡಿಕ್ಕಿಯ ಹಿಂಭಾಗ ಚಾಕುವಿನಿಂದ ಕೊಯ್ದಂತೆ ಕಾಣುವ ಸೆಡಾನುಗಳು ಹುಟ್ಟಿದ್ದು ಹೀಗೆ. ಇಂಜಿನ್ನೂ ಅದೇ ಗೆರೆಗೆ ಬಂದು ನಿಂತಿತು. ಐದು ಜನ, ಲಗೇಜು, ಏಸಿ ಹಾಕಿಕೊಂಡು ಶಿರಾಡಿ ಹತ್ತುವಾಗ ಮೂರರಿಂದ ಎರಡಕ್ಕೆ, ಎರಡರಿಂದ ಒಂದಕ್ಕೆ ಇಳಿಸುತ್ತ ‘ಇದರಲ್ಲಿ ದಮ್ಮೇ ಇಲ್ಲ’ ಎನ್ನುವ ಮಾಲೀಕ ಬೈಯಬೇಕಾದದ್ದು ಇಂಜಿನ್ನನ್ನೋ ಸುಂಕದ ಪಟ್ಟಿಯನ್ನೋ ಎಂಬುದು ಚರ್ಚೆಯ ವಿಷಯ. ಡೀಸೆಲಿನವರ ಕೊರಗು ಮತ್ತೊಂದು ಬಗೆಯದು. ಸ್ವಿಫ್ಟಿನಿಂದ ಹಿಡಿದು ಟಾಟಾ ಕಾರುಗಳವರೆಗೆ ಹತ್ತಾರು ಮಾದರಿಗಳಿಗೆ ಕೂರಿಸಿದ ಫಿಯಟ್‌ನ 1.3 ಲೀಟರಿನ ಇಂಜಿನ್ ನಿಮಿಷಕ್ಕೆ 2,000 ಸುತ್ತು ತಲುಪುವ ತನಕ ತೂಕಡಿಸುತ್ತಿತ್ತು, ಆಮೇಲೆ ಟರ್ಬೊ ಎಚ್ಚೆತ್ತು ಒಮ್ಮೆಲೇ ನುಗ್ಗುತ್ತಿತ್ತು. ತೂಕಡಿಕೆಯನ್ನು ಜನ ಕ್ಷಮಿಸಿದರು, ಏಕೆಂದರೆ ಅದು ಲೀಟರಿಗೆ ಇಪ್ಪತ್ತು ಕೊಡುತ್ತಿತ್ತು.

ಲೀಟರಿನ ಲೆಕ್ಕದ ಜಗಳ ಮಾತ್ರ ಇನ್ನೂ ಮುಗಿದಿಲ್ಲ. ಜಾಹೀರಾತಿನಲ್ಲಿ ಅಚ್ಚಾಗುವ ಅಂಕಿ ಪ್ರಯೋಗಾಲಯದ್ದು. ಕಾರನ್ನು ರೋಲರುಗಳ ಮೇಲೆ ನಿಲ್ಲಿಸಿ 1,180 ಸೆಕೆಂಡು, ಅಂದರೆ ಇಪ್ಪತ್ತು ನಿಮಿಷಕ್ಕೂ ಕಡಿಮೆ, ನಿಗದಿಯಾದ ಲಯದಲ್ಲಿ ಓಡಿಸುತ್ತಾರೆ. ವೇಗ 90 ದಾಟುವುದಿಲ್ಲ, ಏಸಿ ಬಂದ್. ಅಲ್ಲಿ ಬೆಂಗಳೂರಿನ ಸಿಲ್ಕ್ ಬೋರ್ಡ್ ಜಂಕ್ಷನ್ ಇಲ್ಲ, ರಸ್ತೆ ಉಬ್ಬು ಇಲ್ಲ, ಹಿಂದಿನ ಸೀಟಿನಲ್ಲಿ ಸೆಕೆ ಎನ್ನುವ ಮಕ್ಕಳೂ ಇಲ್ಲ. ಬಂಕಿನಲ್ಲಿ ಫುಲ್ ಟ್ಯಾಂಕ್ ಮಾಡಿಸಿ, ಮತ್ತೆ ಫುಲ್ ಮಾಡಿಸುವವರೆಗೆ ಓಡಿಸಿ, ಭಾಗಿಸಿ ನೋಡಿದ ಮಾಲೀಕನಿಗೆ ಮೋಸಹೋದಂತೆ ಅನಿಸಿದರೆ ಅಚ್ಚರಿಯಿಲ್ಲ. ಅಂಕಿ ಸುಳ್ಳಲ್ಲ. ಅದು ಬೇರೊಂದು ಲೋಕದ ಸತ್ಯ.

ಈಚಿನ ಅಧ್ಯಾಯ ಎಥೆನಾಲಿನದು. ಒಂದು ಲೀಟರ್ ಎಥೆನಾಲಿನಲ್ಲಿರುವ ಶಕ್ತಿ ಪೆಟ್ರೋಲಿನದಕ್ಕಿಂತ ಸುಮಾರು ಮೂರನೇ ಒಂದು ಪಾಲು ಕಡಿಮೆ. ಶೇ 20ರಷ್ಟು ಬೆರೆಸಿದರೆ, ಅದಕ್ಕೆಂದು ರೂಪಿಸದ ಹಳೆಯ ಕಾರುಗಳ ಮೈಲೇಜ್ ಶೇ 6ರಿಂದ 7ರಷ್ಟು ಇಳಿಯಬಹುದೆಂದು ನೀತಿ ಆಯೋಗ 2021ರ ವರದಿಯಲ್ಲೇ ಬರೆದಿತ್ತು. 2025ರಲ್ಲಿ ಆ ಪೆಟ್ರೋಲು ಎಲ್ಲೆಡೆ ಬಂದಾಗ ಗದ್ದಲವೆದ್ದಿತು. ಎಥೆನಾಲ್ ಇಲ್ಲದ ಪೆಟ್ರೋಲೂ ಬಂಕುಗಳಲ್ಲಿ ಸಿಗಬೇಕೆಂದು ಕೋರಿದ ಅರ್ಜಿಯನ್ನು ಸುಪ್ರೀಂ ಕೋರ್ಟು ಸೆಪ್ಟೆಂಬರ್ 1ರಂದು ವಜಾ ಮಾಡಿತು. ಬೆರೆಸುವ ಎಥೆನಾಲಿನ ಒಂದು ದೊಡ್ಡ ಪಾಲು ಕಬ್ಬಿನದು; ಬೆಳಗಾವಿ, ಬಾಗಲಕೋಟೆ, ಮಂಡ್ಯದ ಕಬ್ಬಿಗೂ ಅದರಲ್ಲಿ ಜಾಗವಿದೆ. ಅಲ್ಲಿ ಗದ್ದೆಯ ಕಬ್ಬನ್ನು ಕಾರ್ಖಾನೆಗೆ ಕಳಿಸಿ ಬಿಲ್ಲಿಗೆ ಕಾಯುವ ಮನೆಯ ಮುಂದೆಯೇ ಹತ್ತು ವರ್ಷ ಹಳೆಯ ಕಾರೂ ನಿಂತಿರುತ್ತದೆ. ಅದು ಲೀಟರಿಗೆ ಒಂದು ಕಿಲೋಮೀಟರ್ ಕಡಿಮೆ ಕೊಟ್ಟರೆ ಆ ಮನೆಯವರು ಯಾರನ್ನು ಬೈಯುತ್ತಾರೋ ಹೇಳಲು ಬಾರದು.