ಮಲಗಿದ್ದ ಮೊಳೆಗಳು ಎದ್ದು ನುಡಿದ ಬಗೆ



ಬರಹದ ಕುರುಹಿಗೆ ನಮ್ಮ ಹಿರಿಯರು ‘ಅಕ್ಷರ’ವೆಂದು ಹೆಸರಿಟ್ಟರು. ಕ್ಷಯವಿಲ್ಲದುದು ಎಂಬುದು ಅದರ ಅರ್ಥ. ಆದರೆ ಸೀಸದಲ್ಲಿ ಎರಕ ಹೊಯ್ದ ಅಚ್ಚುಮೊಳೆ ಸವೆಯುತ್ತದೆ, ಮುರಿಯುತ್ತದೆ, ಮರೆತೂ ಹೋಗುತ್ತದೆ. ಹಾಗಾದರೆ ಅಕ್ಷರ ಉಳಿಯುವುದು ಎಲ್ಲಿ? ಈ ಪ್ರಶ್ನೆಗೆ ಉತ್ತರವೆಂಬಂತೆ ಇಂಗ್ಲೆಂಡಿನ ಆಕ್ಸ್‌ಫರ್ಡಿನಲ್ಲಿ ನಡೆದ ಇತಿಹಾಸವೊಂದಿದೆ. ಅದನ್ನು ಇಂದು ಅವಲೋಕಿಸೋಣ.

ಜಾನ್ ಫೆಲ್ (1625–1686) ಅಲ್ಲಿನ ಕ್ರೈಸ್ಟ್ ಚರ್ಚ್ ವಿದ್ಯಾಲಯದ ಮುಖ್ಯಸ್ಥರು; 1676ರಲ್ಲಿ ಆಕ್ಸ್‌ಫರ್ಡಿನ ಬಿಷಪ್ಪರೂ ಆದವರು. ವಿಶ್ವವಿದ್ಯಾಲಯಕ್ಕೆ ತನ್ನದೇ ಆದ ಉತ್ತಮ ಮುದ್ರಣಾಲಯವಿರಬೇಕೆಂಬುದು ಅವರ ಹಂಬಲ. ಆಗ ಇಂಗ್ಲೆಂಡಿನಲ್ಲಿ ಒಳ್ಳೆಯ ಮೊಳೆಗಳು ದುರ್ಲಭ. ಫೆಲ್ ಅವರು ವಿದ್ವಾಂಸ ಥಾಮಸ್ ಮಾರ್ಷಲರ ಮೂಲಕ ಹಾಲೆಂಡಿನಿಂದ ಅಕ್ಷರಗಳ ಪಡಿಯಚ್ಚುಗಳನ್ನು ತರಿಸಿದರು. ಅವುಗಳಲ್ಲಿ ಕೆಲವು, ನೂರು ವರ್ಷ ಹಿಂದಿನ ಫ್ರೆಂಚ್ ಕುಶಲಿಗಳು ಕೊರೆದವು. ಬಳಿಕ ಪೀಟರ್ ಡಿ ವಾಲ್‌ಪರ್ಗೆನ್ ಎಂಬ ಕುಶಲಿಯನ್ನು ಕರೆಸಿ ಹೊಸ ಅಕ್ಷರಗಳನ್ನೂ ಕೊರೆಸಿದರು.

ಇಲ್ಲಿ ಈ ಕೆಲಸದ ಕ್ರಮವನ್ನು ಅರಿಯುವುದು ಅಗತ್ಯ. ಮೊದಲು ಉಕ್ಕಿನ ಕಡ್ಡಿಯ ತುದಿಯಲ್ಲಿ ಅಕ್ಷರವನ್ನು ತಿರುವುಮುರುವಾಗಿ ಕೊರೆಯುತ್ತಾರೆ. ಅದನ್ನು ತಾಮ್ರದ ತುಂಡಿನ ಮೇಲೆ ಹೊಡೆದರೆ ಅಕ್ಷರದ ಗುಳಿ ಮೂಡುತ್ತದೆ, ಅದೇ ಪಡಿಯಚ್ಚು. ಅದಕ್ಕೆ ಕರಗಿದ ಸೀಸದ ಮಿಶ್ರಣವನ್ನು ಹೊಯ್ದರೆ ಮೊಳೆ ಸಿದ್ಧ. ಸವೆದ ಮೊಳೆಯನ್ನು ಕರಗಿಸಿ ಮತ್ತೆ ಎರಕ ಹೊಯ್ಯಬಹುದು. ಪಡಿಯಚ್ಚು ಇರುವವರೆಗೆ ಅಕ್ಷರಕ್ಕೆ ಸಾವಿಲ್ಲ.

ಫೆಲ್ ಅವರು ಈ ಸಂಗ್ರಹವನ್ನು ವಿಶ್ವವಿದ್ಯಾಲಯಕ್ಕೆ ಬಿಟ್ಟು 1686ರಲ್ಲಿ ತೀರಿಕೊಂಡರು. 18ನೆಯ ಶತಮಾನದಲ್ಲಿ ಹೊಸ ಮಾದರಿಯ ಅಕ್ಷರಗಳು ಬಂದವು. ಹಳೆಯವು ಮೂಲೆ ಸೇರಿದವು. ಯಾರೂ ಅವನ್ನು ಎಸೆಯಲಿಲ್ಲ, ಯಾರೂ ಬಳಸಲೂ ಇಲ್ಲ.

ಅವುಗಳನ್ನು ಎಬ್ಬಿಸಿದವರು ಹೆನ್ರಿ ಡೇನಿಯಲ್ (1836–1919). ಇವರು ವುಸ್ಟರ್ ಕಾಲೇಜಿನ ಅಧ್ಯಾಪಕರು. ಮುದ್ರಣ ಇವರಿಗೆ ಹೊಟ್ಟೆಪಾಡಲ್ಲ. ಬಾಲ್ಯದಿಂದ ಅಂಟಿದ ಪ್ರೀತಿ. 1877ರ ಸುಮಾರಿಗೆ ಫೆಲ್ ಅಕ್ಷರಗಳ ಮೊಳೆಗಳನ್ನು ಪಡೆದು, ತಮ್ಮ ಪುಟ್ಟ ಕೈಯಂತ್ರದಲ್ಲಿ ಅಚ್ಚು ಹಾಕತೊಡಗಿದರು. ಪತ್ನಿ ಎಮಿಲಿಯವರೂ ಈ ಕಾರ್ಯದಲ್ಲಿ ಸಹಭಾಗಿಗಳು. ಮಗಳು ರೇಚಲ್ಲಳ ಮೊದಲ ಹುಟ್ಟುಹಬ್ಬಕ್ಕಾಗಿ ಕವಿಮಿತ್ರರು ಬರೆದ ಪದ್ಯಗಳ ಪುಸ್ತಕವನ್ನು 1881ರಲ್ಲಿ ಮುದ್ರಿಸಿದರು. ಪ್ರತಿಗಳು ಕೇವಲ 36!

ಸಂಖ್ಯೆ ಅಲ್ಪ, ಪರಿಣಾಮ ಅಲ್ಪವಲ್ಲ. ವಿಶ್ವವಿದ್ಯಾಲಯದ ಮುದ್ರಣಾಲಯವೇ ತನ್ನ ಮನೆಯ ನಿಧಿಯತ್ತ ಮತ್ತೆ ಕಣ್ಣು ತೆರೆಯಿತು. 1883ರಲ್ಲಿ ಅದರ ಮುದ್ರಕರಾದ ಹೊರೇಸ್ ಹಾರ್ಟ್ ಆ ಅಕ್ಷರಗಳ ಚರಿತ್ರೆಯನ್ನು ಶೋಧಿಸಿ 1900ರಲ್ಲಿ ಗ್ರಂಥವನ್ನೇ ಹೊರತಂದರು. 1967ರಲ್ಲಿ ಸ್ಟ್ಯಾನ್ಲಿ ಮಾರಿಸನ್ನರ ಬೃಹದ್ಗ್ರಂಥ ಪ್ರಕಟವಾಯಿತು. ಈ ಶತಮಾನದ ಆರಂಭದಲ್ಲಿ ಇಟಲಿಯ ಇಗಿನೊ ಮರೀನಿಯವರು ಅವೇ ಅಕ್ಷರಗಳನ್ನು ಗಣಕಯಂತ್ರಕ್ಕೆ ಅಳವಡಿಸಿದ್ದಾರೆ.

ಫೆಲ್ ಕೂಡಿಡದಿದ್ದರೆ ಡೇನಿಯಲ್ಲರಿಗೆ ಎಬ್ಬಿಸಲು ಏನೂ ಇರುತ್ತಿರಲಿಲ್ಲ. ಡೇನಿಯಲ್ ಕೇಳಿ ಪಡೆಯದಿದ್ದರೆ ಆ ಸಂಗ್ರಹ ಇನ್ನೆಷ್ಟು ಕಾಲ ಮೂಲೆಯಲ್ಲೇ ಇರುತ್ತಿತ್ತೋ! ಕಾಪಾಡುವುದು ಅರ್ಧ ಕೆಲಸ, ಬಳಸುವುದು ಉಳಿದರ್ಧ. ನಮ್ಮ ಮನೆಗಳ ಅಟ್ಟದ ಮೇಲೆ ಬಟ್ಟೆಯಲ್ಲಿ ಸುತ್ತಿಟ್ಟ ಹಿರಿಯರ ಪುಸ್ತಕಗಳಿವೆ. ಪೂಜಿಸಿದ್ದೇವೆ, ಸರಿ. ಬಿಚ್ಚಿ ಓದಿದ್ದೇವೆಯೇ?