ಹಡಗಿನ ಮಾರಿಗೆ ಬಣ್ಣಾ ಹಚ್ಚಿದಾಂವ

ಹಡಗ ಅಂದ್ರ ಬಿಳೇ ಬಣ್ಣದ್ದು, ಭಾಳಂದ್ರ ಹೊಟ್ಟಿಗುಂಟ ಒಂದು ಕೆಂಪು ಪಟ್ಟಿ. ನಾವು ಚಿತ್ರದಾಗ ನೋಡಿದ್ದು ಅಷ್ಟ. ಆದ್ರ 2013 ರಾಗ ನ್ಯೂಯಾರ್ಕ್ ಬಂದರಕ್ಕ ಒಂದು ಹಡಗ ಬಂತು, ಹೆಸರು ‘ನಾರ್ವೇಜಿಯನ್ ಬ್ರೇಕ್‌ಅವೇ’. ಅದರ ಮೂತಿ ಮ್ಯಾಲೆ ಲಿಬರ್ಟಿ ಮೂರ್ತಿಯ ಮಾರಿ, ಮ್ಯಾನ್‌ಹ್ಯಾಟನ್ನಿನ ಎತ್ತರ ಎತ್ತರ ಕಟ್ಟಡಗೋಳು, ಅದರ ಹಿಂದ ಸೂರ್ಯನ ಕಿರಣ. ನೀಲಿ, ಕೇಸರಿ, ಗುಲಾಬಿ, ಹಳದಿ ಎಲ್ಲಾ ಕೂಡಿ ರಂಗಪಂಚಮಿ ದಿನದ ನಮ್ಮ ಓಣಿ ಹಂಗ ಕಾಣತದ. ಹಡಗಿನ ಉದ್ದ ಸುಮಾರು 326 ಮೀಟರ್, ಒಂದು ಸಲಕ್ಕ ನಾಕು ಸಾವಿರ ಮಂದಿ ಪ್ರಯಾಣಿಕರು. ಅಷ್ಟು ದೊಡ್ಡ ಕ್ಯಾನ್ವಾಸು ಯಾವ ಚಿತ್ರಗಾರಗೂ ಸುಮ್ಮಸುಮ್ಮನ ಸಿಗೂದಿಲ್ಲ.

ಆ ಚಿತ್ರದ ನಕ್ಷೆ ಬರದಾಂವ ಪೀಟರ್ ಮ್ಯಾಕ್ಸ್. ಹುಟ್ಟಿದ್ದು 1937 ರಾಗ, ಬರ್ಲಿನ್ನಿನಾಗ, ಯಹೂದಿಗಳ ಮನ್ಯಾಗ. ಆ ವರ್ಷ, ಆ ಊರು, ಆ ಜಾತಿ, ಮೂರೂ ಕೂಡಿಸಿ ನೋಡಿದ್ರ ಮುಂದಿನದು ನಿಮಗ ಹೇಳೂದ ಬ್ಯಾಡ. ಕೂಸು ಇನ್ನೂ ನೆಟ್ಟಗ ನಡೀಲಿಕ್ಕೂ ಬರ್ತಿರಲಿಲ್ಲ, 1938 ರಾಗ ಅಪ್ಪಾ-ಅವ್ವಾ ಎತಗೊಂಡು ಚೀನಾದ ಶಾಂಘೈಗೆ ಹೋದ್ರು. ಅಷ್ಟು ದೂರ ಯಾಕ ಅಂದ್ರ, ಆಗ ಯಹೂದಿಗಳು ವೀಸಾ ಇಲ್ಲದ ಇಳೀಬಹುದಾದ ಊರು ಜಗತ್ತಿನ್ಯಾಗ ಭಾಳ ಇರಲಿಲ್ಲ. ಶಾಂಘೈ ಅಂಥಾದ್ದೊಂದು. ಸುಮಾರು ಇಪ್ಪತ್ತು ಸಾವಿರ ಮಂದಿ ಹಂಗ ಅಲ್ಲಿ ಹೋಗಿ ಜೀವಾ ಉಳಿಸಿಕೊಂಡ್ರು.

ಈ ಶಾಂಘೈ ಮನಿ ಬಗ್ಗೆ ಸ್ವಲ್ಪ ಜಾಸ್ತಿನ ಹೇಳತೀನಿ, ಯಾಕಂದ್ರ ಇಡೀ ಕಥಿಯೊಳಗ ನನಗ ಮನಸಿಗೆ ಬಂದದ್ದು ಇದ. ಮನಿ ಪಗೋಡಾ ನಮೂನಿದು, ಅಂದ್ರ ಮಜಲ ಮಜಲಿಗೆ ಸುತ್ತಲೂ ಪಡಸಾಲಿ ಹಂಗ ಬಾಲ್ಕನಿ. ಸುತ್ತಮುತ್ತ ಒಂದು ಬೌದ್ಧ ಮಠ, ಒಂದು ಸಿಖ್ಖರ ಗುಡಿ. ಹುಡುಗನ ಅವ್ವ ಏನ್ ಮಾಡ್ತಿದ್ದಳಂದ್ರ, ಆ ಬಾಲ್ಕನಿಗಳ ಮ್ಯಾಲೆ ಒಂದೊಂದು ಕಡೆ ಒಂದೊಂದು ಬಗೆಯ ಬಣ್ಣ, ಕುಂಚ, ಕಾಗದ ಇಟ್ಟಬಿಡತಿದ್ದಳು. ಹುಡುಗ ಯಾವುದರ ಮುಂದ ಕೂಡತಾನೋ ಕೂಡಲಿ ಅಂತ. ನಾವು ಗೋಡಿಗೆ ಒಂದು ಗೆರಿ ಎಳದ್ರ ನಮ್ಮವ್ವ ಉಟ್ಟ ಸೀರಿ ಸೆರಗು ಸೊಂಟಕ್ಕ ಸಿಗಿಸಿಕೊಂಡು ಬರತಿದ್ಲು, ನೆನಪದ ಅಲ್ಲ? ಮತ್ತ ಅಲ್ಲೆ ಹುಡುಗನ್ನ ನೋಡ್ಕೋಳಿಕ್ಕೆ ಒಬ್ಬಾಕಿ ಚೀನೀ ಹುಡುಗಿ ಇದ್ಲು. ಕುಂಚ ಹಿಡದ್ರ ಬೆರಳಿನಿಂದ ಅಲ್ಲ, ಮಣಿಕಟ್ಟಿನಿಂದ ತಿರುವಬೇಕು ಅಂತ ಕೈ ಹಿಡದು ಕಲಿಸಿದಾಕಿ ಆಕಿನ. ಮುಂದ ಅವನ ಚಿತ್ರದೊಳಗ ಗೆರಿ ಎಲ್ಲಾ ಒಂದ ಎಳತಕ್ಕ ಹೊಳ್ಳತಾವು, ನಡುವ ಎಲ್ಲೂ ಕುಂಚ ಎತ್ತಿದ್ದು ಕಾಣೂದಿಲ್ಲ. ನಮ್ಮ ಕಡೆ ಕೈ ಕುಂತವ್ರು ಬಾಗಲ ಮುಂದ ಎಳೀ ರಂಗೋಲಿ ಎಳಿಯೂದು ನೋಡಿದವ್ರಿಗೆ ಅದು ಪಟ್ನ ತಿಳೀತದ. ಹುಡುಗಿಯ ಹೆಸರು ಯಾವ ಹಡಗಿನ ಮ್ಯಾಲೂ ಇಲ್ಲ ಬಿಡ್ರಿ.

ಶಾಂಘೈದಾಗ ಹತ್ತು ವರ್ಷ. ಆಮ್ಯಾಲೆ ಇಸ್ರೇಲಿನ ಹೈಫಾ, ಅಲ್ಲಿಂದ ಸ್ವಲ್ಪ ದಿನ ಪ್ಯಾರಿಸ್, ಕಡೀಕ 1953 ರಾಗ ಅಮೇರಿಕಾದ ಬ್ರೂಕ್ಲಿನ್. ನ್ಯೂಯಾರ್ಕಿನ ಆರ್ಟ್ ಸ್ಟೂಡೆಂಟ್ಸ್ ಲೀಗಿನಾಗ ಫ್ರ್ಯಾಂಕ್ ರೈಲಿ ಅನ್ನೋ ಕಟ್ಟುನಿಟ್ಟಿನ ಮಾಸ್ತರ ಕೈಕೆಳಗ ಕಲಿತ. ಅಲ್ಲಿ ಕಲಿಸೂದು ಇದ್ದದ್ದನ್ನ ಇದ್ದಂಗ ಬರಿಯೂದು: ಮೂಳಿ, ಸ್ನಾಯು, ನೆರಳು, ಬೆಳಕು. ಮುಂದ ಅಂವ ಬರದದ್ದು ನೋಡಿದ್ರ ಮಾಸ್ತರು ಏನಂದಿರಬೇಕೋ.

ಈಗ ಪಾಪ್ ಆರ್ಟ್ ಅಂದ್ರೇನು ಅಂತ ಒಂದು ಮಾತು. 1962 ರಾಗ ಆಂಡಿ ವಾರ್ಹಾಲ್ ಅಂಗಡ್ಯಾಗಿನ ಸೂಪಿನ ಡಬ್ಬಿಗಳನ್ನ 32 ಚಿತ್ರ ಮಾಡಿ ಗ್ಯಾಲರಿಯೊಳಗ ಇಟ್ಟ. ಅಂದ್ರ ಅಡಗಿಮನಿ ಕಪಾಟಿನ ಸಾಮಾನು ಗ್ಯಾಲರಿಗೆ ಹೋತು. ಮ್ಯಾಕ್ಸ್ ಮಾಡಿದ್ದು ಇದರ ಉಲ್ಟಾ. ಗ್ಯಾಲರಿ ಒಳಗಿನ ಬಣ್ಣ ತಂದು ಕಪಾಟಿನ ಸಾಮಾನಿಗೆ ಹಚ್ಚಿದ. ಮೊದಲ ಪೋಸ್ಟರು. ಛಾಪಖಾನಿ ಮಷೀನಿನ ಶಾಯಿ ತೊಟ್ಟ್ಯಾಗ ಒಂದ ಬಣ್ಣ ಹಾಕೂದು ರೂಢಿ. ಆ ಕಾಲದ ಪೋಸ್ಟರ್ ಮಾಡವ್ರು ಏನ್ ಮಾಡಿದ್ರಂದ್ರ, ಒಂದ ತೊಟ್ಟ್ಯಾಗ ಆ ತುದಿಗೆ ಒಂದು, ಈ ತುದಿಗೆ ಒಂದು ಬಣ್ಣ ಸುರುವಿದ್ರು. ಮಷೀನು ತಿರುಗಿದಂಗ ನಡುವ ಎರಡೂ ಕೂಡಿ ಮೂರನೇದು ಹುಟ್ಟತದ, ಗೆರಿ ಎಲ್ಲೂ ಕಾಣೂದಿಲ್ಲ. ಮುಳುಗೋ ಹೊತ್ತಿನ ಆಕಾಶದಂಥಾ ಆ ಬಣ್ಣ ಜನರಿಗೆ ಹುಚ್ಚ ಹಿಡಿಸಿತು. ಪೋಸ್ಟರು ಅಂದ್ರ ಕಾಲೇಜು ಹುಡುಗ್ರೂ ಕೊಳ್ಳುವಂಥಾ ರೇಟು.

ಅದರ ಬೆನ್ನಿಗೆ ಜನರಲ್ ಎಲೆಕ್ಟ್ರಿಕ್ ಕಂಪನಿ ಗೋಡೆ ಗಡಿಯಾರ. ಆಮ್ಯಾಲೆ ಹಾಸಿಗಿ ಚಾದರ, ಸ್ಕಾರ್ಫು, ಬೂಟು, ತಾಟು. ಒಟ್ಟ 72 ಕಂಪನಿ ಅವನ ನಕ್ಷೆ ತಗೊಂಡಿದ್ವಂತ. 1969 ರ ಸಪ್ಟಂಬರಿನಾಗ ‘ಲೈಫ್’ ಪತ್ರಿಕೆ ಮುಖಪುಟಕ್ಕ ಅವನ ಚಿತ್ರ ಹಾಕಿ, ಈ ಕಲಾವಿದ ಭಾಳ ಶ್ರೀಮಂತ ಅಂತ ದೊಡ್ಡ ಅಕ್ಷರದಾಗ ಬರೀತು. ಹೊಗಳಿಕಿನೋ ಚುಚ್ಚಿಕಿನೋ, ಎರಡೂ ಇರಬೇಕು. ಒಂದು ತಪ್ಪು ತಿಳವಳಿಕಿ ಮಾತ್ರ ಇಲ್ಲೇ ಬಿಡಿಸಿಬಿಡತೀನಿ. ಬೀಟಲ್ಸ್‌ನವರ ‘ಯೆಲ್ಲೋ ಸಬ್‌ಮರೀನ್’ ಕಾರ್ಟೂನ್ ಸಿನೆಮಾದ ಚಿತ್ರ ಇವನ ಕೈದು ಅಂತ ಭಾಳ ಮಂದಿ ತಿಳಕೊಂಡಾರ. ಅಲ್ಲ. ಅದು ಹೈಂಜ್ ಎಡೆಲ್‌ಮನ್ ಅನ್ನೋ ಬ್ಯಾರೆ ಚಿತ್ರಗಾರನ ಕೆಲಸ.

ನಮ್ಮ ದೇಶದ ಸಂಬಂಧ ಇರೂದು 1966 ರ ಸುದ್ದಿ. ಪ್ಯಾರಿಸ್ಸಿನ್ಯಾಗ ಮ್ಯಾಕ್ಸ್‌ಗೆ ಸ್ವಾಮಿ ಸಚ್ಚಿದಾನಂದ ಭೆಟ್ಟಿ ಆದ್ರು. ಕೊಯಮತ್ತೂರ ಕಡೆ ಹುಟ್ಟಿದವ್ರು, ಹೃಷಿಕೇಶದ ಶಿವಾನಂದ ಸ್ವಾಮಿಗಳ ಶಿಷ್ಯರು. ಅವ್ರನ್ನ ನ್ಯೂಯಾರ್ಕಿಗೆ ಕರದು, ತನ್ನ ಮನ್ಯಾಗ ಇಟಗೊಂಡ. ಎರಡು ದಿನಕ್ಕ ಅಂತ ಬಂದ ಪಾವ್ಣ್ಯಾರು ಅಲ್ಲೇ ಉಳಿದು ಯೋಗದ ಸಂಸ್ಥೆ ಕಟ್ಟಿದ್ರು. 1969 ರಾಗ ವುಡ್‌ಸ್ಟಾಕ್ ಅನ್ನೋ ಸಂಗೀತ ಜಾತ್ರಿಗೆ ಲಕ್ಷಗಟ್ಟಲೆ ಹುಡುಗ್ರು ನೆರದಾಗ ಮೊದಲನೇ ದಿನ ಉದ್ಘಾಟನಾ ಮಾತು ಆಡಿದ್ದು ಇದ ಸ್ವಾಮಿಗಳು. ಮ್ಯಾಕ್ಸ್ ಬರೇ ಯೋಗ ಕಲಿತು ಕೂಡಲಿಲ್ಲ, 1971 ರಾಗ ಇನ್ನೊಬ್ಬರ ಜೋಡಿ ಕೂಡಿ ಶಾಖಾಹಾರದ ಒಂದು ಅಡಗಿ ಪುಸ್ತಕಾನೂ ತಂದ. ಗಡಿಯಾರದಾಂವ, ಚಾದರದಾಂವ, ಅಡಗಿಮನಿ ಒಂದ್ಯಾಕ ಬಿಡಬೇಕು!

ಅಷ್ಟರಾಗ ಅವಗೂ ಸಾಕಾಗಿತ್ತು. ಕಂಪನಿಗಳ ವ್ಯವಹಾರ ಕೈಬಿಟ್ಟು ವರ್ಷಾನುಗಟ್ಟಲೆ ಒಬ್ಬನ ಕುಂತು ಬರದ. ನಡುವ 1974 ರಾಗ ಪರಿಸರ ಉಳಿಸ್ರಿ ಅಂತ ಅಮೇರಿಕಾ ಸರ್ಕಾರ ಹೊರಡಿಸಿದ 10 ಸೆಂಟಿನ ಅಂಚೆ ಚೀಟಿ ಅವಂದು. ಒಂದು ಕೈಯಾಗ ಉಗುರಿನಷ್ಟು ಅಂಚೆ ಚೀಟಿ, ಇನ್ನೊಂದು ಕೈಯಾಗ ಹಡಗು. 1981 ರಾಗ ವೈಟ್ ಹೌಸಿನ ಹುಲ್ಲಿನ ಮ್ಯಾಲೆ ನಿಂತು ಲಿಬರ್ಟಿ ಮೂರ್ತಿಯ ಆರು ದೊಡ್ಡ ಚಿತ್ರ ಬರದ. ಆ ಮೂರ್ತಿ ಅವಗ ಯಾಕ ಅಷ್ಟು ಪ್ರೀತಿ ಅಂತ ಬಿಡಿಸಿ ಹೇಳಬೇಕಿಲ್ಲ, ಮೂರು ದೇಶ ಅಲದು ಬಂದ ಹುಡುಗ ಅಂವ.

2000 ನೇ ಇಸವಿಗೆ ವಿಮಾನ. ಕಾಂಟಿನೆಂಟಲ್ ಏರ್‌ಲೈನ್ಸ್ ತನ್ನ ಬೋಯಿಂಗ್ 777 ಒಂದಕ್ಕ ಮೈತುಂಬ ಅವನ ಬಣ್ಣ ಹಚ್ಚಿಸಿತು. ಅದ ವರ್ಷ ಡೇಲ್ ಅರ್ನ್‌ಹಾರ್ಟ್ ಅನ್ನೋ ಪ್ರಸಿದ್ಧ ರೇಸಿನವನ ಕಾರಿಗೂ. ಆದ್ರ ವಿಮಾನಕ್ಕ ಬಣ್ಣ ಹಚ್ಚಿದವ್ರೊಳಗ ಪೈಲಾ ಇವನಲ್ಲ. 1973 ರಾಗ ಬ್ರಾನಿಫ್ ಕಂಪನಿಯ ಡಿಸಿ-8 ವಿಮಾನಕ್ಕ ಅಲೆಕ್ಸಾಂಡರ್ ಕಾಲ್ಡರ್ ಬಣ್ಣ ಕೊಟ್ಟಿದ್ದ. ಹಡಗಿಗಂತೂ ಇನ್ನೂ ಹಿಂದ ಹೋಗಬೇಕು. 1917 ರಾಗ, ಪೈಲಾ ಮಹಾಯುದ್ಧದಾಗ, ಜರ್ಮನ್ ಸಬ್‌ಮರೀನುಗಳು ಬ್ರಿಟಿಷ್ ಹಡಗುಗಳನ್ನ ಸಾಲಾಗಿ ಮುಳುಗಸತಿದ್ವು. ನಾರ್ಮನ್ ವಿಲ್ಕಿನ್ಸನ್ ಅನ್ನೋ ಚಿತ್ರಗಾರ ಹೇಳಿದ: ಹಡಗು ಮುಚ್ಚಿಡಲಿಕ್ಕೆ ಆಗೂದಿಲ್ಲ, ಆದ್ರ ಅಡ್ಡಾದಿಡ್ಡಿ ಕರೇ-ಬಿಳೇ-ನೀಲಿ ಪಟ್ಟಿ ಬಳದ್ರ ಅದು ಯಾ ಕಡೆ ಹೊಂಟದ, ಎಷ್ಟು ಜೋರು ಹೊಂಟದ ಅಂತ ವೈರಿಗೆ ತಿಳೀದಂಗ ಮಾಡಬಹುದು. ಲಂಡನ್ನಿನ ರಾಯಲ್ ಅಕಾಡೆಮಿಯೊಳಗ ಸಣ್ಣ ಸಣ್ಣ ಕಟಿಗಿ ಹಡಗಿಗೆ ಆ ಪಟ್ಟಿ ಬಳದು ಪರೀಕ್ಷಾ ಮಾಡತಿದ್ರು. ಬಳಿಯವ್ರು ಹೆಚ್ಚಾಗಿ ಹೆಣ್ಣಮಕ್ಕಳು, ಚಿತ್ರಕಲಾ ಕಲತವ್ರು. ಅವ್ರೊಳಗ ಒಬ್ಬಾಕೀನ್ನ ವಿಲ್ಕಿನ್ಸನ್ ಮುಂದ ಲಗ್ನಾನೂ ಆದ. ಇದನ್ನ ಓದಿದಾಗ ನನಗ ಮ್ಯಾಕ್ಸ್‌ನ ಮರತ ಹೋಗಿ ಆ ಹುಡುಗ್ಯಾರ ಹಿಂದ ಹೋಗಬೇಕನಸಿತು. ಇರಲಿ, ಅದು ಇನ್ನೊಂದು ಸಲ.

ಬ್ರೇಕ್‌ಅವೇ ಹಡಗು ಕಟ್ಟಿದ್ದು ಜರ್ಮನಿಯ ಪಾಪೆನ್‌ಬುರ್ಗ್ ಅನ್ನೋ ಊರಾಗ. ಯಾವ ದೇಶದಿಂದ ಒಂದು ವರ್ಷದ ಕೂಸನ್ನ ಎತಗೊಂಡು ಓಡಿದ್ರೋ, ಅದ ದೇಶದ ಕೆಲಸಗಾರರು 75 ವರ್ಷದ ಮ್ಯಾಲೆ ಅವನ ಲಿಬರ್ಟಿ ಮೂರ್ತೀನ್ನ ಹಡಗಿಗೆ ಬರದ್ರು. ಹೌದು, ಅಂಥಾ ಕೆಲಸ ಚಿತ್ರಗಾರ ಏಣಿ ಹತ್ತಿ ಮಾಡೂದಿಲ್ಲ. ಅಂವ ನಕ್ಷೆ ಕೊಡತಾನ, ಅದನ್ನ ನೂರಾರು ಪಟ್ಟು ದೊಡ್ಡದು ಮಾಡಿ ಬಣ್ಣದವ್ರು ತುಂಬತಾರ.

ಎಲ್ಲಾದಕ್ಕೂ ಬಣ್ಣಾ ಹಚ್ಚಿದಾಂವ, ಹಚ್ಚದ ಬಿಟ್ಟದ್ದು ಒಂದದ. 1989 ರಾಗ ಒಂದು ಟಿವಿ ಚಾನೆಲ್ಲು 1953 ರಿಂದ 1989 ರ ತನಕದ 36 ಕಾರ್ವೆಟ್ ಕಾರು ಲಾಟರಿಗೆ ಇಟ್ಟಿತ್ತು. ಬಡಗಿ ಕೆಲಸದ ಒಬ್ಬಾತಗ ಎಲ್ಲಾ 36 ಹತ್ತಿದ್ವು. ಅವನ ಕಡಿಂದ ಮ್ಯಾಕ್ಸ್ ಅಷ್ಟೂ ಕೊಂಡ, ಬಣ್ಣಾ ಹಚ್ಚಿ ಪ್ರದರ್ಶನ ಮಾಡಬೇಕಂತ. ಮಾಡಲ ಇಲ್ಲ. ಇಪ್ಪತ್ತು ವರ್ಷಕ್ಕಿಂತ ಜಾಸ್ತಿ ಅವು ನ್ಯೂಯಾರ್ಕಿನ ಗ್ಯಾರೇಜುಗಳೊಳಗ ಧೂಳ ತಿಂದ್ವು. ಮುಂದ ಬ್ಯಾರೆಯವ್ರು ಕೊಂಡು, ರಿಪೇರಿ ಮಾಡಿಸಿ, 2020 ರಾಗ ಧರ್ಮಾರ್ಥದ ಲಾಟರ್ಯಾಗ ಹಂಚಿದ್ರು. ಅಟ್ಟದ ಮ್ಯಾಲೆ ‘ಮುಂದ ಬೇಕಾಗತದ’ ಅಂತ ಇಟ್ಟ ಹಿತ್ತಾಳಿ ಹಂಡೇದ ಕಥಿ, ಅಷ್ಟ. ತೆರಿಗಿ ವಿಷಯದಾಗಂತೂ ಸಿಕ್ಕೂ ಬಿದ್ದ. ಹತ್ತು ಲಕ್ಷ ಡಾಲರಿಗಿಂತ ಹೆಚ್ಚಿನ ಆದಾಯ ಮುಚ್ಚಿಟ್ಟದ್ದು ಖರೇ ಅಂತ 1997 ರಾಗ ಕೋರ್ಟಿನ್ಯಾಗ ಒಪ್ಪಿಕೊಂಡ, ಎರಡು ತಿಂಗಳ ಜೇಲೂ ಆತು.

ಇಲ್ಲೀತನಕ ಕೂಸಾಗಿದ್ದಾಗಿಂದ ಹೇಳಕೋತ ಬಂದದ್ದಕ್ಕ ‘ಅಂವ, ಇಂವ’ ಅಂದೆ. ಇನ್ನ ಮುಂದಿನದು ವಯಸ್ಸಾದವ್ರ ಮಾತು, ‘ಅವ್ರು’ ಅನ್ನೂದ ಛಲೋ.

ಮೋಜಿನ ಹಡಗುಗಳೊಳಗ ಚಿತ್ರ ಹರಾಜು ಹಾಕೂದು ದೊಡ್ಡ ವ್ಯಾಪಾರ, ಅದರಾಗ ಮ್ಯಾಕ್ಸ್ ಅವ್ರ ಚಿತ್ರಕ್ಕ ಭಾಳ ಗಿರಾಕಿ. 2019 ರ ಮೇ ತಿಂಗಳದಾಗ ‘ನ್ಯೂಯಾರ್ಕ್ ಟೈಮ್ಸ್’ ಒಂದು ಉದ್ದನ್ನ ವರದಿ ಹಾಕಿತು. ಅದರ ಪ್ರಕಾರ ಮ್ಯಾಕ್ಸ್ ಅವ್ರಿಗೆ ಎಷ್ಟೋ ವರ್ಷದಿಂದ ಮರವಿನ ರೋಗ, ಡಿಮೆನ್ಷಿಯಾ, ಜೋರಾಗಿತ್ತು. ಸ್ಟುಡಿಯೋದೊಳಗ ಕೂಲಿ ಮ್ಯಾಲೆ ಬ್ಯಾರೆ ಚಿತ್ರಗಾರರು ಕುಂತು ಅವ್ರ ನಮೂನಿಯೊಳಗ ಬರೀತಿದ್ರು, ಕಡೀಕ ಅವ್ರನ್ನ ಕರಕೊಂಡು ಬಂದು ಕುಂಚ ಕೈಯಾಗ ಕೊಟ್ಟು ಸಹಿ ಮಾಡಸತಿದ್ರು. ಮನಿಯವ್ರೊಳಗ ಜಗಳ, ವ್ಯವಹಾರಕ್ಕ ಕೋರ್ಟು, ಅವ್ರ ಆರೈಕಿಗೂ ಕೋರ್ಟು. ಕೋರ್ಟು ನೇಮಿಸಿದ ಪಾಲಕರ ಕೈಯಾಗ ಅವ್ರ ದಿನಚರಿ ಹೋತು. ಅದ ವರ್ಷ ಜೂನಿನಾಗ ಹೆಂಡತಿ ತೀರಿಕೊಂಡ್ರು. ಆ ಪಾಲಕತ್ವ ತೆಗೀರಿ ಅಂತ ಮಗಳು ಬಹಿರಂಗ ಹೋರಾಟ ನಡಿಸಿದ್ರು.

ಮರವಿನ ಹಿರ್ಯಾರನ್ನ ನಮ್ಮ ಓಣ್ಯಾಗೂ ನೋಡೀವಿ. ಊಟ ಮಾಡಿದ್ದು ನೆನಪಿರೂದಿಲ್ಲ, ಆದ್ರ ಕೈಯಾಗ ಸೂಜಿ ಕೊಟ್ಟ್ರ ಕೌದಿ ಹೊಲಿಗಿ ತಾನ ಬೀಳತದ, ಸಾಲು ತಪ್ಪೂದಿಲ್ಲ. ಹಿಂಗಾಗಿ ಆ ಸಹಿ ಬಗ್ಗೆ ನನಗ ಎರಡು ಮನಸು. ಕೈಗೆ ಕುಂಚ ಸಿಕ್ಕಾಗ ಅವ್ರ ಮಾರಿ ಮ್ಯಾಲೆ ಸಂತೋಷ ಬಂದಿದ್ರ, ಯಾರರೇ ಕಸಗೋಬಾರದು. ಆದ್ರ ಆ ಸಹಿಗೆ ಹಡಗಿನ ಮ್ಯಾಲೆ ಸಾವಿರಾರು ಡಾಲರ್ ಎಣಿಸಿದವ್ರಿಗೆ ಇದು ಯಾರ ಕೈ ಅಂತ ಹೇಳಬೇಕಿತ್ತು. ಬರದ ಹುಡುಗ್ರಿಗೂ ತಮ್ಮ ಹೆಸರಿರಬೇಕಿತ್ತು. 1960 ರ ದಶಕದಾಗ ಗಡಿಯಾರ ಕೊಂಡ ಅವ್ವಾರಿಗೆ ಈ ಗೊಂದಲ ಇರಲಿಲ್ಲ. ಅದು ಕಾರ್ಖಾನ್ಯಾಗ ಛಾಪಿಸಿದ್ದು ಅಂತ ಅವ್ರಿಗೆ ಗೊತ್ತಿತ್ತು, ಅಡಗಿಮನಿ ಗೋಡಿಗೆ ಮಳಿ ಹೊಡದು ತೂಗಹಾಕಿ, ಹಾಲು ಉಕ್ಕೂದರೊಳಗ ಟೈಮ್ ನೋಡಕೋತ ಕೆಲಸಕ್ಕ ಹತ್ತಿದ್ರು.